ಕೇಳುವವರ ಸಂಕೋಚ, ಕೇಳಿಸಿಕೊಂಡವರ ದಾಕ್ಷಿಣ್ಯ

1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಸ್ಟ್ಯಾನ್ಲಿ ಮಿಲ್‌ಗ್ರಾಮ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸಿದರು. ನಗರದ ಸುರಂಗ ರೈಲು ಹತ್ತಿ, ಕುಳಿತಿರುವ ಯಾರಾದರೂ ಅಪರಿಚಿತರ ಮುಂದೆ ನಿಂತು, ಯಾವ ಕಾರಣವನ್ನೂ ಹೇಳದೆ, ಅವರ ಸೀಟನ್ನು ತನಗೆ ಬಿಟ್ಟುಕೊಡುವಂತೆ ಕೇಳಬೇಕಿತ್ತು, ಅಷ್ಟೇ. ವಿದ್ಯಾರ್ಥಿಗಳು ಹಿಂದೇಟು ಹಾಕಿದರು. ಇದರಲ್ಲಿ ಅಂಥ ಕಷ್ಟವೇನಿದೆ ಎಂದು ಮಿಲ್‌ಗ್ರಾಮ್ ತಾವೇ ರೈಲು ಹತ್ತಿದರು. ಮಾತು ಗಂಟಲಿನಲ್ಲೇ ಸಿಕ್ಕಿಕೊಂಡಿತೆಂದೂ, ಕೊನೆಗೂ ಕೇಳಿ ಸೀಟು ಸಿಕ್ಕ ಮೇಲೆ, ತಾವು ಕೇಳಿದ್ದಕ್ಕೆ ನಿಜವಾದ ಕಾರಣವೊಂದು ಇತ್ತೆಂದು ತೋರಿಸಿಕೊಳ್ಳುವವರಂತೆ ತಲೆ ತಗ್ಗಿಸಿ, ಮುಖ ಬಿಳಿಚಿಕೊಂಡು, ಕಾಯಿಲೆಯವರ ಹಾಗೆ ಕುಳಿತುಬಿಟ್ಟೆನೆಂದೂ ಅವರು ನಂತರ ಹೇಳಿಕೊಂಡರು. ಮೇಲಿನವರು ಆಜ್ಞೆಯಿತ್ತರೆ ಸಾಮಾನ್ಯ ಜನರು ಮತ್ತೊಬ್ಬರಿಗೆ ವಿದ್ಯುತ್ ಆಘಾತ ಕೊಡಲೂ ಮುಂದಾಗುತ್ತಾರೆಂದು ತೋರಿಸಿ ಜಗತ್ಪ್ರಸಿದ್ಧರಾಗಿದ್ದ ಮನುಷ್ಯ ಈತ. ಒಂದು ಸೀಟು ಕೇಳಲು ಅವರಿಗೆ ಬಾಯಿ ಬರಲಿಲ್ಲ.

ಕಾರಣ ಹೇಳದೆ ಕೇಳಿದಾಗ ಶೇ 68ರಷ್ಟು ಪ್ರಯಾಣಿಕರು ಎದ್ದು ಸೀಟು ಬಿಟ್ಟುಕೊಟ್ಟರು, ಇಲ್ಲವೇ ಸರಿದು ಜಾಗ ಮಾಡಿಕೊಟ್ಟರು. ಜಾನ್ ಸಬಿನಿಯವರೊಡನೆ ಮಿಲ್‌ಗ್ರಾಮ್ ಇದನ್ನು 1978ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಎಲ್ಲರೂ ನೆನಪಿಟ್ಟುಕೊಳ್ಳುವುದು ಈ ಸಂಖ್ಯೆಯನ್ನು. ಆದರೆ ಕೇಳುವವರು ಅನುಭವಿಸಿದ ಯಾತನೆಗೂ ಅವರಿಗೆ ದೊರೆತ ಉತ್ತರಕ್ಕೂ ಯಾವ ತಾಳೆಯೂ ಇರಲಿಲ್ಲವೆಂಬುದು ಆ ಪ್ರಯೋಗದ ಇನ್ನೊಂದು ಫಲಿತಾಂಶ, ಮತ್ತು ನಾವು ಹಾಕಿಕೊಳ್ಳುವ ಗುರಿಗಳ ಮಟ್ಟಿಗೆ ನೋಡಿದರೆ ಹೆಚ್ಚು ಮುಖ್ಯವಾದದ್ದು ಇದೇ.

ಗುರಿ ಸಾಧನೆಯ ಕುರಿತು ನಾವು ದಿನನಿತ್ಯ ಕೇಳುವ ಮಾತುಗಳಲ್ಲಿ ಮನುಷ್ಯ ಒಬ್ಬಂಟಿ. ಛಲ, ಶಿಸ್ತು, ಬೆಳಗಿನ ಜಾವ ನಾಲ್ಕಕ್ಕೆ ಏಳುವ ಅಭ್ಯಾಸ, ಇವೆಲ್ಲ ಒಬ್ಬನೇ ಕೋಣೆಯೊಳಗೆ ಕುಳಿತು ನಡೆಸುವ ಸಾಹಸಗಳು. ಆದರೆ "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ನಮ್ಮ ಗಾದೆ ದೊಡ್ಡ ಕೆಲಸಗಳೆಂದು ಹೆಸರಿಸುವ ಎರಡನ್ನೂ ಇದುವರೆಗೆ ಯಾರೂ ಒಬ್ಬರೇ ಮಾಡಿ ಮುಗಿಸಿಲ್ಲ. ಮೇಸ್ತ್ರಿಯನ್ನು ಗೊತ್ತುಮಾಡಿಕೊಟ್ಟ ನೆಂಟರಿಂದ ಹಿಡಿದು ಅಡುಗೆಯವರಿಗೆ ಮುಂಗಡ ಕೊಡಲು ಕೈಗಡ ನೀಡಿದ ಸ್ನೇಹಿತರವರೆಗೆ ಹತ್ತಾರು ಮಂದಿಯನ್ನು ಕೇಳಿದ್ದರಿಂದಲೇ ಅವು ನಡೆಯುತ್ತವೆ. ಮನಶ್ಶಾಸ್ತ್ರವೂ ಬಹುಕಾಲ ಗುರಿಯನ್ನು ಒಂದು ಅಧ್ಯಾಯದಲ್ಲಿ, ನೆರವನ್ನು ಮತ್ತೊಂದು ಅಧ್ಯಾಯದಲ್ಲಿ ಇಟ್ಟುಕೊಂಡು ಬಂದಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ, ಹಲವು ಗುರಿಗಳು ಕೈತಪ್ಪುವುದು ಛಲ ಸಾಲದೆ ಅಲ್ಲ, ಯಾರನ್ನು ಯಾವಾಗ ಏನು ಕೇಳಬೇಕೆಂಬ ಹೆಜ್ಜೆ ನಮ್ಮ ಲೆಕ್ಕದಲ್ಲೇ ಇರುವುದಿಲ್ಲವಾದ್ದರಿಂದ ಎಂದು ನನಗೆ ಅನ್ನಿಸುತ್ತದೆ.

ಮೊದಲು ಗುರಿಯ ಕಡೆಯಿಂದ ನೋಡೋಣ. ಗಟ್ಟಿಯಾಗಿ ಸಂಕಲ್ಪ ಮಾಡಿದರೆ ಕೆಲಸ ತಾನಾಗಿ ಆಗುತ್ತದೆಂಬ ನಂಬಿಕೆಯನ್ನು ಸಂಶೋಧನೆ ಬೆಂಬಲಿಸುವುದಿಲ್ಲ. ಗಾಬ್ರಿಯೆಲ ಎಟಿಂಗೆನ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆ ಥಾಮಸ್ ವಾಡನ್ ಅವರೊಡನೆ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೂಕ ಇಳಿಸಿಕೊಳ್ಳಲು ಸೇರಿದ್ದ ಮಹಿಳೆಯರ ಪೈಕಿ ತಾವು ತೆಳ್ಳಗಾದ ಮೇಲಿನ ಬದುಕನ್ನು ಬಣ್ಣಬಣ್ಣವಾಗಿ ಕಲ್ಪಿಸಿಕೊಂಡವರು ಉಳಿದವರಿಗಿಂತ ಕಡಿಮೆ ತೂಕ ಇಳಿಸಿದ್ದರು. ಮುಂದೆ ಎಟಿಂಗೆನ್ ಬೆಳೆಸಿದ ವಿಧಾನದಲ್ಲಿ, ಬೇಕಾದುದನ್ನು ಕಲ್ಪಿಸಿಕೊಂಡ ಕೂಡಲೇ ಅದಕ್ಕೆ ಅಡ್ಡವಾಗಿರುವುದು ಯಾವುದೆಂದೂ ಕೇಳಿಕೊಳ್ಳಬೇಕು. ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡ ಮೇಲೆಯೇ, ಕೆಲವು ಅಡೆತಡೆಗಳನ್ನು ನಾವೇ ದಾಟಬಹುದೆಂದೂ ಇನ್ನು ಕೆಲವನ್ನು ಮತ್ತೊಬ್ಬರ ತಿಳಿವಳಿಕೆಯೋ ಕೈಯೋ ಒಂದು ಮಾತೋ ಇಲ್ಲದೆ ದಾಟಲಾಗದೆಂದೂ ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತದೆ.

ಎಟಿಂಗೆನ್ ಅವರ ಸಹೋದ್ಯೋಗಿ ಪೀಟರ್ ಗೊಲ್‌ವಿಟ್ಸರ್ ಕೈಹಾಕಿದ್ದು ಇದರ ಮುಂದಿನ ಹೆಜ್ಜೆಗೆ. ಕ್ರಿಸ್ಮಸ್ ಮುನ್ನಾದಿನವನ್ನು ತಾವು ಹೇಗೆ ಕಳೆದೆವೆಂಬ ವರದಿಯನ್ನು ಎರಡು ದಿನಗಳೊಳಗೆ ಬರೆದು ಕಳುಹಿಸಬೇಕೆಂದು ಅವರು ವಿದ್ಯಾರ್ಥಿಗಳನ್ನು ಕೇಳಿಕೊಂಡರು. ಎಲ್ಲಿ, ಯಾವ ಹೊತ್ತಿನಲ್ಲಿ ಬರೆಯುತ್ತೇವೆಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಬರೆದರು. ಗೊತ್ತುಮಾಡಿಕೊಳ್ಳದವರಲ್ಲಿ ಬರೆದವರು ಸುಮಾರು ಮೂರನೇ ಒಂದು ಪಾಲು ಮಾತ್ರ. ಎರಡು ಗುಂಪುಗಳಿಗೂ ಬರೆಯುವ ಮನಸ್ಸೇನೋ ಇತ್ತು. "ಇಂಥ ಸಂದರ್ಭ ಬಂದರೆ ಇಂಥದ್ದನ್ನು ಮಾಡುತ್ತೇನೆ" ಎಂಬ ರೂಪದಲ್ಲಿ ಸಂಕಲ್ಪವನ್ನು ಸಂದರ್ಭಕ್ಕೆ ಗಂಟುಹಾಕಿದಾಗ, ಆ ಸಂದರ್ಭವೇ ನಮಗೆ ಕೆಲಸವನ್ನು ನೆನಪಿಸುತ್ತದೆ. ಆ ಗಳಿಗೆಯಲ್ಲಿ ಮನಸ್ಸನ್ನು ಮತ್ತೆ ಓಲೈಸುವ ಅಗತ್ಯ ಬೀಳುವುದಿಲ್ಲ. 2006ರಲ್ಲಿ ಗೊಲ್‌ವಿಟ್ಸರ್ ಮತ್ತು ಪ್ಯಾಸ್ಕಲ್ ಶೀರನ್ ಇಂಥ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಪರಿಣಾಮ ಗಣನೀಯವಾಗಿಯೇ ಕಂಡಿತು.

ಇಷ್ಟಾದರೂ ನೆರವು ಕೇಳುವ ಹೆಜ್ಜೆ ಯೋಜನೆಯೊಳಗೆ ಬರುವುದು ಅಪರೂಪ. ಇದಕ್ಕೊಂದು ಕಾರಣ, ನಾವು ಯೋಜನೆ ಹಾಕುವಾಗ ಎಲ್ಲವೂ ಸುಸೂತ್ರವಾಗಿ ನಡೆಯುವ ಒಂದೇ ದಾರಿಯನ್ನು ಮನಸ್ಸಿನಲ್ಲಿ ನಡೆದು ನೋಡುವುದು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಕಟಿಸಿದ ಕೆನಡಾದ ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನಗಳಲ್ಲಿ ಮುಗಿಸುತ್ತೇವೆಂದು ಅಂದಾಜು ಮಾಡಿದ್ದರು; ಹಿಡಿದದ್ದು 55 ದಿನಗಳಿಗಿಂತ ಹೆಚ್ಚು. ಎಲ್ಲವೂ ಕೆಟ್ಟರೆ ಎಷ್ಟು ದಿನ ಬೇಕಾದೀತೆಂದು ಕೇಳಿದಾಗ ಕೊಟ್ಟಿದ್ದ ಅಂದಾಜನ್ನೂ ವಾಸ್ತವ ಮೀರಿತ್ತು. ಸುಸೂತ್ರವಾದ ದಾರಿಯಲ್ಲಿ ಯಾರ ನೆರವೂ ಬೇಕಿರುವುದಿಲ್ಲ, ಆದ್ದರಿಂದ ಯಾರ ಹೆಸರೂ ಆ ಯೋಜನೆಯಲ್ಲಿ ಇರುವುದಿಲ್ಲ. ಬಂಡಿ ಹೂತುಹೋಗಿದೆ ಎಂದು ಅರಿವಾಗುವ ಹೊತ್ತಿಗೆ ಗಡುವು ಹತ್ತಿರ ಬಂದಿರುತ್ತದೆ, ಕೇಳಬೇಕಾದ ಸಹಾಯ ಊದಿಕೊಂಡಿರುತ್ತದೆ. ಒಂದು ತಿಂಗಳ ಹಿಂದೆ ಹತ್ತು ನಿಮಿಷದ ಪ್ರಶ್ನೆಯಾಗಿದ್ದದ್ದು ಈಗ ಒಂದು ರಾತ್ರಿಯ ಜಾಗರಣೆಯ ಬೇಡಿಕೆಯಾಗಿರುತ್ತದೆ. ಹೀಗೆ ದೊಡ್ಡದಾದದ್ದನ್ನು ಕೇಳಲು ಸಂಕೋಚವೂ ಅಷ್ಟೇ ದೊಡ್ಡದಾಗುತ್ತದೆ.

ಸಂಕೋಚದ ಅಳತೆಯನ್ನು ಅತ್ಯಂತ ಚೊಕ್ಕವಾಗಿ ತೆಗೆದವರು ಫ್ರಾನ್ಸಿಸ್ ಫ್ಲಿನ್ ಮತ್ತು ಈಗ ವನೆಸಾ ಬೋನ್ಸ್ ಎಂದು ಹೆಸರಾಗಿರುವ ಅಂದಿನ ವನೆಸಾ ಲೇಕ್. ಅವರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳ ಕ್ರಮ ಸರಳವಾಗಿದೆ. ಭಾಗವಹಿಸುವವರು ಹೊರಗೆ ಹೋಗಿ ಅಪರಿಚಿತರನ್ನು ಕೇಳಿ ಐದು ಪ್ರಶ್ನಾವಳಿಗಳನ್ನು ತುಂಬಿಸಿಕೊಂಡು ಬರಬೇಕು. ಹೊರಡುವ ಮೊದಲು, ಐದು ಜನ ಒಪ್ಪಬೇಕಾದರೆ ಎಷ್ಟು ಜನರನ್ನು ಕೇಳಬೇಕಾದೀತೆಂದು ಅಂದಾಜು ಬರೆದುಕೊಡಬೇಕು. ಅವರ ಸರಾಸರಿ ಅಂದಾಜು ಸುಮಾರು 20 ಜನ. ನಿಜವಾಗಿ ಕೇಳಬೇಕಾಗಿ ಬಂದದ್ದು ಸುಮಾರು 10 ಜನರನ್ನು. ಒಂದು ಕರೆ ಮಾಡಲು ಮೊಬೈಲ್ ಕೇಳುವುದು, ದಾರಿ ತೋರಿಸಲು ಜೊತೆಗೆ ಬರುವಂತೆ ಕೇಳುವುದು ಮೊದಲಾದ ಬೇರೆ ಬೇರೆ ಕೋರಿಕೆಗಳಲ್ಲಿಯೂ ಇದೇ ಚಿತ್ರ ಕಂಡಿತು. ಮುಂದಿನ ವರ್ಷಗಳಲ್ಲಿ ಬೋನ್ಸ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಹೀಗೆ ಕೇಳಿಸಿಕೊಂಡ ಅಪರಿಚಿತರ ಸಂಖ್ಯೆ 14,000 ದಾಟಿತು. ಅಂದಾಜು ಮತ್ತೆ ಮತ್ತೆ ಒಂದೇ ದಿಕ್ಕಿನಲ್ಲಿ ತಪ್ಪಿತು.

ಒಂದೇ ದಿಕ್ಕಿನಲ್ಲಿ ತಪ್ಪುವುದೇಕೆ? ಇದಕ್ಕೆ ಅವರು ಕೊಡುವ ವಿವರಣೆಯನ್ನು ಕನ್ನಡದಲ್ಲಿ ಹೇಳುವುದು ಇಂಗ್ಲಿಷಿನಲ್ಲಿ ಹೇಳುವುದಕ್ಕಿಂತ ಸುಲಭ, ಏಕೆಂದರೆ ಬೇಕಾದ ಎರಡು ಪದಗಳು ನಮ್ಮಲ್ಲಿ ಸಿದ್ಧವಾಗಿವೆ. ಕೇಳುವವರ ಮನಸ್ಸನ್ನು ಸಂಕೋಚ ತುಂಬಿರುತ್ತದೆ. ಅವರು ಲೆಕ್ಕ ಹಾಕುವುದು ಎದುರಿನವರಿಗೆ ಆಗುವ ತೊಂದರೆಯನ್ನು: ಅವರ ಸಮಯ, ಅವರ ಹಣ, ಅವರ ಕೆಲಸದ ಒತ್ತಡ. ಕೇಳಿಸಿಕೊಂಡವರ ಮನಸ್ಸಿನಲ್ಲಿ ಆ ಲೆಕ್ಕಕ್ಕಿಂತ ಮೊದಲು ಬರುವುದು ದಾಕ್ಷಿಣ್ಯ. ಮುಖ ನೋಡಿ "ಆಗುವುದಿಲ್ಲ" ಎನ್ನುವುದು ಹೇಗೆ, ಹಾಗೆಂದರೆ ತನ್ನನ್ನು ಏನೆಂದುಕೊಂಡಾರು ಎಂಬುದು ಅವರ ಚಿಂತೆ. ಎಂದರೆ ಒಬ್ಬರು "ಹೌದು" ಎನ್ನುವುದರ ಬೆಲೆಯನ್ನು ಎಣಿಸುತ್ತಿದ್ದರೆ, ಇನ್ನೊಬ್ಬರು "ಇಲ್ಲ" ಎನ್ನುವುದರ ಬೆಲೆಯನ್ನು ಎಣಿಸುತ್ತಿರುತ್ತಾರೆ. ನಾವೆಲ್ಲರೂ ಎರಡೂ ಸ್ಥಾನಗಳಲ್ಲಿ ಸಾವಿರ ಸಲ ನಿಂತವರೇ; ಆದರೂ ಕೇಳುವ ಗಳಿಗೆಯಲ್ಲಿ ಇನ್ನೊಂದು ಸ್ಥಾನದ ನೆನಪು ನಮ್ಮ ಸಹಾಯಕ್ಕೆ ಬರುವುದಿಲ್ಲ.

ದಾಕ್ಷಿಣ್ಯ ಕೆಲಸ ಮಾಡುವುದು ಮುಖ ಎದುರಿಗಿದ್ದಾಗ. ಅಪರಿಚಿತರನ್ನು ಎದುರು ನಿಂತು ಕೇಳುವುದು ಇಮೇಲ್‌ನಲ್ಲಿ ಕೇಳುವುದಕ್ಕಿಂತ 34 ಪಟ್ಟು ಫಲಕಾರಿಯಾಗಿತ್ತೆಂದು ಮಹ್ದಿ ರೊಘಾನಿಜಾದ್ ಮತ್ತು ಬೋನ್ಸ್ 2017ರ ಅಧ್ಯಯನದಲ್ಲಿ ಕಂಡುಕೊಂಡರು. ಕೇಳಿದವರಾದರೋ ಎರಡಕ್ಕೂ ಹೆಚ್ಚು ವ್ಯತ್ಯಾಸವಿರದೆಂದು ಭಾವಿಸಿದ್ದರು. ನಮ್ಮ ಕಾಲದ ಸಂಕೋಚಕ್ಕೆ ಇನ್ನೊಂದು ಅಡಗುತಾಣವಿದೆ, ವಾಟ್ಸಾಪ್ ಗುಂಪು. "ಯಾರಿಗಾದರೂ ಒಳ್ಳೆಯ ಲೆಕ್ಕಪರಿಶೋಧಕರು ಗೊತ್ತೇ?" ಎಂದು 200 ಜನರಿರುವ ಗುಂಪಿಗೆ ಹಾಕಿದ ಪ್ರಶ್ನೆ ಯಾರೊಬ್ಬರನ್ನೂ ಕೇಳಿದ ಪ್ರಶ್ನೆಯಲ್ಲ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲೇ ಇದರ ಬೇರನ್ನು ತೋರಿಸಿದ್ದರು. ಪಕ್ಕದ ಕೋಣೆಯಲ್ಲಿರುವವರಿಗೆ ಮೂರ್ಛೆ ಬಂದಂತೆ ಇಂಟರ್‌ಕಾಮ್‌ನಲ್ಲಿ ಕೇಳಿಸಿದಾಗ, ಅದನ್ನು ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ 85ರಷ್ಟು ಮಂದಿ ಕೂಡಲೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಎದ್ದವರು ಶೇ 31 ಮಾತ್ರ. ಪ್ರಾಣಾಪಾಯದ ಕರೆಗೇ ಹೀಗಾದರೆ ಲೆಕ್ಕಪರಿಶೋಧಕರ ಫೋನ್ ನಂಬರಿಗೆ ಏನಾದೀತೆಂದು ಊಹಿಸಬಹುದು. ಗುಂಪು ಸುಮ್ಮನಿದ್ದುದನ್ನು ನಾವು ತಿರಸ್ಕಾರವೆಂದು ಓದಿಕೊಳ್ಳುತ್ತೇವೆ, ಮುಂದಿನ ಸಲ ಕೇಳುವುದನ್ನೇ ಬಿಡುತ್ತೇವೆ.

ಇಲ್ಲಿಯವರೆಗಿನ ಪ್ರಯೋಗಗಳೆಲ್ಲ ಅಮೆರಿಕದಂಥ ಸಮಾಜಗಳಲ್ಲಿ ನಡೆದವು, ನಮ್ಮಲ್ಲಿ ಅವು ಹಾಗೆಯೇ ಒಪ್ಪುತ್ತವೆಯೇ ಎಂದು ಕೇಳುವುದು ನ್ಯಾಯ. ಉತ್ತರದ ಒಂದು ತುದಿ ಮೈಸೂರಿನಲ್ಲಿದೆ. ಜೋನ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞೆ ಸಂಗಡಿಗರೊಡನೆ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೈಸೂರಿನ ಮಕ್ಕಳು ಮತ್ತು ಯುವಜನರ ಅಭಿಪ್ರಾಯವನ್ನು ಅಮೆರಿಕದ ನ್ಯೂಹೇವನ್ ನಗರದವರೊಡನೆ ಹೋಲಿಸಿದರು. ಕಷ್ಟದಲ್ಲಿರುವವರಿಗೆ ನೆರವಾಗದಿದ್ದರೆ ಅದು ನೀತಿಯ ತಪ್ಪೋ, ಅವರವರ ಇಷ್ಟಕ್ಕೆ ಬಿಟ್ಟದ್ದೋ ಎಂಬುದು ಪ್ರಶ್ನೆ. ಅಮೆರಿಕದವರು ಪ್ರಾಣಾಪಾಯವಿದ್ದಾಗ, ಅಥವಾ ಹೆತ್ತವರು ಮಕ್ಕಳಿಗೆ ನೆರವಾಗಬೇಕಾದಾಗ ಅದನ್ನು ಕರ್ತವ್ಯವೆಂದು ಕಂಡರು. ಸ್ನೇಹಿತರ, ಅಪರಿಚಿತರ ಸಣ್ಣಪುಟ್ಟ ಅಗತ್ಯಗಳ ಮಾತು ಬಂದಾಗ ಅದು ಅವರವರ ಆಯ್ಕೆಯೆಂದರು. ಮೈಸೂರಿನವರ ಉತ್ತರದಲ್ಲಿ ಈ ಗೆರೆ ಹೆಚ್ಚೂಕಡಿಮೆ ಮಾಯವಾಗಿತ್ತು; ಅಗತ್ಯ ಸಣ್ಣದಾಗಿದ್ದರೂ, ಎದುರಿನವರು ಗುರುತಿಲ್ಲದವರಾಗಿದ್ದರೂ ನೆರವಾಗುವುದು ಕರ್ತವ್ಯವೆಂಬ ಅಭಿಪ್ರಾಯವೇ ಅವರಲ್ಲಿ ಬಲವಾಗಿತ್ತು.

ನೆರವು ಕರ್ತವ್ಯವಾಗಿರುವ ಸಮಾಜದಲ್ಲಿ ಕೇಳುವುದು ಸುಲಭವಿರಬೇಕೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಎದುರಿನವರಿಗೆ "ಇಲ್ಲ" ಎನ್ನುವ ಸ್ವಾತಂತ್ರ್ಯ ಕಡಿಮೆಯೆಂದು ಕೇಳುವವರಿಗೂ ಗೊತ್ತಿರುವಲ್ಲಿ, ಕೇಳುವುದೆಂದರೆ ಒಂದು ಬಗೆಯ ಬಲವಂತ. ಚೀನಾದಲ್ಲಿ ಬೋನ್ಸ್ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರ ಅಂದಾಜು ಅಮೆರಿಕದವರಷ್ಟು ತಪ್ಪಲಿಲ್ಲ. ಎದುರಿನವರ ದಾಕ್ಷಿಣ್ಯವನ್ನು ಅವರು ಸ್ವಲ್ಪ ಹೆಚ್ಚಾಗಿಯೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹೀಜಂಗ್ ಕಿಮ್, ಡೇವಿಡ್ ಶರ್ಮನ್ ಮತ್ತು ಶೆಲ್ಲಿ ಟೇಲರ್ ಅವರ ಅಧ್ಯಯನಗಳಲ್ಲಿ, ಏಷ್ಯಾ ಮೂಲದವರು ಯುರೋಪ್ ಮೂಲದ ಅಮೆರಿಕನ್ನರಿಗಿಂತ ಬಾಯಿಬಿಟ್ಟು ಸಹಾಯ ಕೇಳುವುದು ಕಡಿಮೆಯೆಂದೂ, ಕೇಳಿದರೆ ಸಂಬಂಧಕ್ಕೆ ಭಾರವಾದೀತೆಂಬ ಅಳುಕು ಅದಕ್ಕೆ ಕಾರಣವೆಂದೂ ಕಂಡಿತು. ಅವುಗಳಲ್ಲಿ ಭಾಗವಹಿಸಿದ ಏಷ್ಯಾ ಮೂಲದವರಲ್ಲಿ ಹೆಚ್ಚಿನವರು ಪೂರ್ವ ಏಷ್ಯಾದವರಾಗಿದ್ದರೂ, "ಹಂಗು" ಎಂಬ ಪದವನ್ನು ಬಲ್ಲ ಕನ್ನಡಿಗರಿಗೆ ಈ ಅಳುಕು ಹೊಸದೇನೂ ಅಲ್ಲ.

ಹಂಗನ್ನು ನಮ್ಮ ಹಳ್ಳಿಗಳು ನಿಭಾಯಿಸಿದ ರೀತಿಯೂ ಗಮನಿಸುವಂಥದ್ದು. ಮುಯ್ಯಾಳು ಪದ್ಧತಿಯಲ್ಲಿ ಇಂದು ನಿಮ್ಮ ಗದ್ದೆಯ ನಾಟಿಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸಬೇಕು. ಇದನ್ನು ವ್ಯಾಪಾರವೆಂದು ಹಗುರವಾಗಿ ಕಾಣುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ: ತೀರಿಸುವ ದಾರಿ ಮೊದಲೇ ಗೊತ್ತಿರುವುದರಿಂದ ಕೇಳುವವರು ತಲೆ ತಗ್ಗಿಸಬೇಕಾಗಿಲ್ಲ, ಕೊಡುವವರು ಉಪಕಾರ ಹೊರಿಸಬೇಕಾಗಿಲ್ಲ. ನಗರಕ್ಕೆ ಬಂದ ಮೇಲೆ ಆ ಪುಸ್ತಕ ಕಳೆದುಹೋಯಿತು, ಹಂಗು ಮಾತ್ರ ಜೊತೆಗೇ ಬಂದಿತು.

ಇನ್ನು, ಸಿಕ್ಕ ನೆರವೆಲ್ಲ ಗುರಿಯ ಕಡೆಗೇ ನೂಕುತ್ತದೆಂದೇನೂ ಇಲ್ಲ. ಯುಪಿಐನಲ್ಲಿ ಹಣ ಕಳುಹಿಸುವುದನ್ನು ಕಲಿಯಬೇಕೆಂದು ತಾಯಿಯೊಬ್ಬರು ಮಗನನ್ನು ಕೇಳುತ್ತಾರೆಂದುಕೊಳ್ಳಿ. "ಕೊಡಮ್ಮ ಇಲ್ಲಿ, ನಾನೇ ಮಾಡ್ತೀನಿ" ಎಂದು ಮಗ ಫೋನನ್ನು ಕಸಿದು ಹತ್ತು ಸೆಕೆಂಡಿನಲ್ಲಿ ಹಣ ಕಳುಹಿಸಿ ಹಿಂದಿರುಗಿಸುತ್ತಾನೆ. ಹಣ ಹೋಯಿತು, ತಾಯಿಯ ಗುರಿ ಇದ್ದಲ್ಲೇ ಇದೆ. ಅಷ್ಟೇ ಅಲ್ಲ, ಇದು ತನ್ನಿಂದಾಗುವ ಕೆಲಸವಲ್ಲವೆಂಬ ಭಾವನೆ ಒಂದು ಗುಲಗಂಜಿಯಷ್ಟು ಹೆಚ್ಚಿದೆ. ಕಲಿಯುವುದಕ್ಕಾಗಿ ಕೇಳುವ ನೆರವು ಮತ್ತು ಕೆಲಸ ಮುಗಿದರೆ ಸಾಕೆಂದು ಕೇಳುವ ನೆರವು ಬೇರೆ ಬೇರೆಯೆಂದು ಶಿಕ್ಷಣ ಮನಶ್ಶಾಸ್ತ್ರದಲ್ಲಿ 1980ರ ದಶಕದಲ್ಲೇ ಶರೋನ್ ನೆಲ್ಸನ್-ಲಿಗಾಲ್ ವಿಂಗಡಿಸಿದ್ದರು. ಇಸ್ರೇಲಿನ ಏರಿ ನ್ಯಾಡ್ಲರ್ ಇದನ್ನೇ ಕೊಡುವವರ ಕಡೆಯಿಂದಲೂ ನೋಡಿ, ದಾರಿ ತೋರಿಸುವ ನೆರವು ಪಡೆದವರನ್ನು ಸ್ವತಂತ್ರರನ್ನಾಗಿಸುತ್ತದೆ, ಪೂರ್ತಿ ಉತ್ತರವನ್ನೇ ಕೈಗಿಡುವ ನೆರವು ಅವರನ್ನು ಅವಲಂಬಿತರಾಗಿಯೇ ಉಳಿಸುತ್ತದೆ ಎಂದರು. ಎರಡೂ ಬೇಕಾಗುತ್ತವೆ. ಆಸ್ಪತ್ರೆಯ ಬಿಲ್ಲು ಕಟ್ಟುವ ಹೊತ್ತಿನಲ್ಲಿ ಯಾರೂ ಯುಪಿಐ ಪಾಠ ಕೇಳುವುದಿಲ್ಲ. ತೊಂದರೆ ಹುಟ್ಟುವುದು ಒಂದನ್ನು ಕೇಳಿ ಇನ್ನೊಂದನ್ನು ಪಡೆದಾಗ. ಕೇಳುವಾಗಲೇ "ನೀನು ಹೇಳುತ್ತಾ ಹೋಗು, ನಾನು ಒತ್ತುತ್ತೇನೆ" ಎಂದು ಬಿಡಿಸಿ ಹೇಳದಿದ್ದರೆ, ಅವಸರದಲ್ಲಿರುವ ಮನುಷ್ಯ ಕೊಡುವುದು ತನಗೆ ಬೇಗ ಮುಗಿಯುವ ನೆರವನ್ನೇ.

ನೆರವು ಕಣ್ಣಿಗೆ ರಾಚುವಂತಿದ್ದರೆ ಒಳಿತು ಮಾಡುವ ಬದಲು ನೋಯಿಸಲೂಬಹುದು. ನೀಲ್ ಬೋಲ್ಗರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ನ್ಯೂಯಾರ್ಕಿನ ವಕೀಲಿಕೆಯ ಪರೀಕ್ಷೆಗೆ ಓದುತ್ತಿದ್ದವರನ್ನೂ ಅವರ ಸಂಗಾತಿಗಳನ್ನೂ ಕುರಿತದ್ದು. ಇಬ್ಬರೂ ಪ್ರತ್ಯೇಕವಾಗಿ ದಿನಚರಿ ಬರೆದರು: ಇಂದು ನಾನು ನೆರವು ಕೊಟ್ಟೆನೇ, ಇಂದು ನನಗೆ ನೆರವು ಸಿಕ್ಕಿತೇ, ಇಂದು ಮನಸ್ಸು ಹೇಗಿತ್ತು ಎಂದು. ತನಗೆ ನೆರವು ಸಿಕ್ಕಿತೆಂದು ಪರೀಕ್ಷಾರ್ಥಿ ಗುರುತಿಸಿದ ದಿನಗಳ ನಂತರ ಮನಸ್ಸಿನ ಕುಗ್ಗುವಿಕೆ ಹೆಚ್ಚಿತ್ತು. ಸಂಗಾತಿ ಕೊಟ್ಟಿದ್ದೇನೆಂದು ಬರೆದು ಪರೀಕ್ಷಾರ್ಥಿಗೆ ಗೊತ್ತೇ ಆಗದಿದ್ದ ನೆರವಿನ ನಂತರ ಕಡಿಮೆಯಿತ್ತು. ಮಾತಿಲ್ಲದೆ ಚಹಾ ತಂದಿಟ್ಟು ಬಾಗಿಲು ಸದ್ದಾಗದಂತೆ ಮುಂದೆ ಮಾಡಿಕೊಂಡು ಹೋಗುವ ಮನೆಯವರು ಈ ಅಧ್ಯಯನವನ್ನು ಓದಿರಬೇಕೆಂದೇನೂ ಇಲ್ಲ.

ಸಿಗಬಹುದಾದ ನೆರವಿನ ಯೋಚನೆ ಮಾತ್ರವೇ ನಮ್ಮ ಕೈಯನ್ನು ಸಡಿಲಿಸುವುದೂ ಉಂಟು. ಸಂಗಾತಿಯು ತಮ್ಮ ಆರೋಗ್ಯದ ಗುರಿಗಳಿಗೆ ಹೇಗೆ ನೆರವಾಗುತ್ತಾರೆಂದು ನೆನೆದುಕೊಂಡ ಮಹಿಳೆಯರು, ಹಾಗೆ ನೆನೆಯದವರಿಗಿಂತ ಮುಂದಿನ ವಾರ ಆ ಗುರಿಗೆ ಕಡಿಮೆ ಶ್ರಮ ಹಾಕಲು ಯೋಜಿಸಿದ್ದರೆಂದು ಗ್ರಾನ್ಯ ಫಿಟ್ಸ್‌ಸಿಮನ್ಸ್ ಮತ್ತು ಎಲಿ ಫಿಂಕೆಲ್ 2011ರಲ್ಲಿ ವರದಿ ಮಾಡಿದರು.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಗುರಿಯನ್ನು ಹತ್ತು ಜನರಿಗೆ ಸಾರಿದರೆ ಅದೇ ಒಂದು ಕಟ್ಟುಪಾಡಾಗುತ್ತದೆಂದು ಕೆಲವರು ಹೇಳುತ್ತಾರೆ. ಹೇಳಿಬಿಟ್ಟರೆ ಫಲ ಕೆಡುತ್ತದೆ, ಬಾಯಿ ಮುಚ್ಚಿಕೊಂಡಿರಬೇಕೆಂದು ಇನ್ನು ಕೆಲವರು. ಎರಡಕ್ಕೂ ಆಧಾರವಿದೆ, ಏಕೆಂದರೆ ಎರಡೂ ಬೇರೆ ಬೇರೆ ಕ್ರಿಯೆಗಳ ಕುರಿತಾದ ಮಾತುಗಳು. ಗೊಲ್‌ವಿಟ್ಸರ್ ಮತ್ತು ಸಂಗಡಿಗರ 2009ರ ಪ್ರಯೋಗಗಳಲ್ಲಿ, ಒಳ್ಳೆಯ ವಕೀಲನಾಗಬೇಕೆಂಬಂಥ, ತಾನು ಯಾರೆಂಬುದಕ್ಕೇ ಸಂಬಂಧಿಸಿದ ಗುರಿಗಳನ್ನು ಮತ್ತೊಬ್ಬರು ಗಮನಿಸಿ ಗುರುತಿಸಿದಾಗ, ವಿದ್ಯಾರ್ಥಿಗಳು ನಂತರ ಆ ಗುರಿಗೆ ಸಂಬಂಧಿಸಿದ ಕೆಲಸಕ್ಕೆ ಕಡಿಮೆ ಸಮಯ ಕೊಟ್ಟರು. ಗುರಿಯನ್ನು ಕೇಳಿಸಿಕೊಂಡವರು ತಲೆದೂಗಿದ್ದರಿಂದ ಆ ಪಟ್ಟ ಅರ್ಧ ಸಿಕ್ಕಿಬಿಟ್ಟಂತೆ ಮನಸ್ಸಿಗೆ ತೋರುತ್ತದೆಂಬುದು ಅವರ ವಿವರಣೆ. ಹಾಗೆ ಸಾರುವುದು ಮೆಚ್ಚುಗೆಯನ್ನು ಮುಂಗಡವಾಗಿ ಪಡೆಯುವ ಕ್ರಿಯೆ. ನೆರವು ಕೇಳುವುದು ಅದಲ್ಲ. ತಾನು ಎಲ್ಲಿ ಸಿಕ್ಕಿಕೊಂಡಿದ್ದೇನೆಂದು ತೋರಿಸದೆ ಯಾರೂ ನೆರವು ಕೇಳಲಾರರು.

ಮುಂಗಡ ಮೆಚ್ಚುಗೆಯ ಬದಲು ಮುಂದಿನ ನಡೆಯನ್ನು ಮತ್ತೊಬ್ಬರ ಕಣ್ಣಿಗೆ ಒಪ್ಪಿಸಿದರೆ ಏನಾಗುತ್ತದೆಂಬುದಕ್ಕೆ ಅತ್ಯುತ್ತಮ ಪುರಾವೆಯೊಂದು ಕರ್ನಾಟಕದ ಹಳ್ಳಿಗಳಿಂದಲೇ ಬಂದಿದೆ. ಅರ್ಥಶಾಸ್ತ್ರಜ್ಞರಾದ ಎಮಿಲಿ ಬ್ರೆಜಾ ಮತ್ತು ಅರುಣ್ ಚಂದ್ರಶೇಖರ್ ಇಲ್ಲಿನ 60 ಹಳ್ಳಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜನರು ಆರು ತಿಂಗಳಲ್ಲಿ ಎಷ್ಟು ಹಣ ಉಳಿಸಬೇಕೆಂಬ ಗುರಿಯನ್ನು ತಾವೇ ಹಾಕಿಕೊಂಡರು. ಕೆಲವರಿಗೆ ಅದೇ ಹಳ್ಳಿಯ ಒಬ್ಬರನ್ನು ನಿಗಾ ನೋಡುವವರನ್ನಾಗಿ ಜೋಡಿಸಲಾಯಿತು. ಈ ವ್ಯಕ್ತಿ ಹಣ ಕೊಡಲಿಲ್ಲ, ಬುದ್ಧಿ ಹೇಳಬೇಕಾಗಿರಲಿಲ್ಲ, ದಂಡ ಹಾಕುವ ಅಧಿಕಾರವೂ ಅವರಿಗಿರಲಿಲ್ಲ. ಉಳಿತಾಯ ಎಲ್ಲಿಗೆ ಬಂತೆಂಬ ಮಾಹಿತಿ ಕಾಲಕಾಲಕ್ಕೆ ಅವರಿಗೆ ತಲುಪುತ್ತಿತ್ತು, ಅಷ್ಟೇ. ಇಷ್ಟರಿಂದಲೇ ಒಟ್ಟು ಉಳಿತಾಯ ಸರಾಸರಿ ಶೇ 36ರಷ್ಟು ಹೆಚ್ಚಿತು.

ನಿಗಾ ನೋಡುವವರು ಊರಿನಲ್ಲಿ ಹೆಚ್ಚು ಜನರ ಒಡನಾಟವಿದ್ದವರಾಗಿದ್ದರೆ, ಅಥವಾ ಉಳಿಸುವವರ ಬಳಗಕ್ಕೆ ಹತ್ತಿರದವರಾಗಿದ್ದರೆ ಉಳಿತಾಯ ಇನ್ನೂ ಹೆಚ್ಚಿತ್ತು. ಹೀಗಾದದ್ದೇಕೆಂದು ಊಹಿಸುವುದು ಹಳ್ಳಿಯಲ್ಲಿ ಬೆಳೆದವರಿಗೆ ಕಷ್ಟವಲ್ಲ. ಶೇ 63ರಷ್ಟು ನಿಗಾದಾರರು ತಮಗೆ ತಿಳಿದದ್ದನ್ನು ಮತ್ತೊಬ್ಬರಿಗೆ ಹೇಳಿದ್ದರು. ಪ್ರಯೋಗ ಮುಗಿದು 15 ತಿಂಗಳಾದ ಮೇಲೆ ಊರಿನ ಇತರರನ್ನು ವಿಚಾರಿಸಿದಾಗ, ಯಾರು ಜವಾಬ್ದಾರಿಯುಳ್ಳವರೆಂಬ ಬಗ್ಗೆ ಅವರ ಅಭಿಪ್ರಾಯವೂ ಅದಕ್ಕೆ ತಕ್ಕಂತೆ ಬದಲಾಗಿರುವುದು ಕಂಡಿತು. ಅಂದರೆ ಅರಳಿಕಟ್ಟೆಯ ಮಾತು ಇಲ್ಲಿ ಒಂದು ಬಗೆಯ ಜಾಮೀನಾಗಿ ಕೆಲಸ ಮಾಡಿತು. ಚೀಟಿ ನಡೆಸುವವರೂ ಸ್ವಸಹಾಯ ಸಂಘಗಳ ಮಹಿಳೆಯರೂ ವಾರದ ಸಭೆಯಲ್ಲಿ ಎಲ್ಲರೆದುರು ಹಣ ಎಣಿಸಿ ಪುಸ್ತಕದಲ್ಲಿ ಬರೆಯುವುದರ ಗುಟ್ಟು ಇದಕ್ಕಿಂತ ತುಂಬ ಬೇರೆಯಲ್ಲ. 2016ರಲ್ಲಿ ಬೆಂಜಮಿನ್ ಹಾರ್ಕಿನ್ ಮತ್ತು ಸಂಗಡಿಗರು 138 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಗುರಿಯ ಕಡೆಗಿನ ನಡೆಯನ್ನು ಆಗಾಗ ಅಳೆಯುವುದು ಫಲ ಕೊಡುತ್ತದೆಂದೂ, ಅಳತೆಯನ್ನು ಬರೆದಿಟ್ಟಾಗ ಅಥವಾ ಇತರರಿಗೆ ತಿಳಿಸಿದಾಗ ಆ ಫಲ ಹೆಚ್ಚುತ್ತದೆಂದೂ ಕಂಡಿತು. ಊರಿಗೆಲ್ಲ ಹೇಳಿಬರುವ ನಿಗಾದಾರರು ಎಲ್ಲರಿಗೂ ಒಗ್ಗುವವರಲ್ಲ ಎಂಬುದು ನಿಜ. ಸಾಲದಲ್ಲಿರುವವರಿಗೆ, ಕುಡಿತ ಬಿಡಲು ಹೊರಟವರಿಗೆ ಅದೇ ಮಾತು ಮಾನ ಕಳೆಯುವಂಥದ್ದಾಗಬಹುದು. ಯಾರ ಕಣ್ಣು ಎಂಬ ಆಯ್ಕೆ ಗುರಿಯನ್ನು ನೋಡಿಕೊಂಡು ಆಗಬೇಕಾದದ್ದು.

ಹಾಗಾದರೆ ಯೋಜನೆಯೊಳಗೆ ಕೇಳುವ ಹೆಜ್ಜೆಯನ್ನು ಇಡುವುದೆಂದರೆ ಹೇಗೆ? ಗೊಲ್‌ವಿಟ್ಸರ್ ಅವರ ಸೂತ್ರವನ್ನೇ ಇಲ್ಲಿಗೂ ತರಬಹುದು. ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗಿಯೊಬ್ಬಳು "ಬೇಕಾದರೆ ಯಾರನ್ನಾದರೂ ಕೇಳುತ್ತೇನೆ" ಎಂದುಕೊಂಡಿದ್ದರೆ ಅವಳು ಕೇಳುವುದು ಅನುಮಾನ. "ಗುರುವಾರ ಸಂಜೆಯೊಳಗೆ ಈ ಹಳೆಯ ಪ್ರಶ್ನೆಗೆ ಉತ್ತರದ ಚೌಕಟ್ಟು ಹೊಳೆಯದಿದ್ದರೆ, ಶುಕ್ರವಾರ ಬೆಳಿಗ್ಗೆ ಗ್ರಂಥಾಲಯದಲ್ಲಿ ಸಿಗುವ ಆ ಹಿರಿಯ ಅಭ್ಯರ್ಥಿಗೆ ನಾನು ಬರೆದದ್ದನ್ನು ತೋರಿಸಿ, ಎಲ್ಲಿ ಎಡವಿದ್ದೇನೆಂದು ಹತ್ತು ನಿಮಿಷ ನೋಡಿಕೊಡಿ ಅಕ್ಕ ಎಂದು ಕೇಳುತ್ತೇನೆ" ಎಂದು ಗೊತ್ತುಮಾಡಿಕೊಂಡಿದ್ದರೆ, ಸಂಕೋಚ ಬಂದು ಬಾಗಿಲಲ್ಲಿ ನಿಲ್ಲುವ ಮೊದಲೇ ತೀರ್ಮಾನ ಆಗಿಹೋಗಿರುತ್ತದೆ. ಕೋರಿಕೆ ಒಬ್ಬರಿಗೆ ಮುಖಾಮುಖಿಯಾಗಿ ಹೋಗುತ್ತದೆ, ಗಾತ್ರದಲ್ಲಿ ಚಿಕ್ಕದಾಗಿರುತ್ತದೆ, ಉತ್ತರವನ್ನಲ್ಲದೆ ದಾರಿಯನ್ನು ಕೇಳುತ್ತದೆ. "ಇವತ್ತು ಆಗದಿದ್ದರೆ ಸೋಮವಾರವಾದರೂ ಸರಿ, ಇಲ್ಲವೆಂದರೂ ತೊಂದರೆಯಿಲ್ಲ" ಎಂಬ ಒಂದು ವಾಕ್ಯವನ್ನು ಅವಳು ಮನಃಪೂರ್ವಕವಾಗಿ ಸೇರಿಸಬೇಕು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಹೇಳಿದ "ಆಯಿತು" ಎಷ್ಟು ದಿನ ಎಳೆದಾಡುತ್ತದೆಂದು ಬಲ್ಲವರಿಗೆ ಆ ವಾಕ್ಯದ ಬೆಲೆ ಗೊತ್ತು.

ಕೇಳಿದ್ದರಿಂದ ಆ ಹಿರಿಯ ಅಭ್ಯರ್ಥಿಗೆ ಕಿರಿಕಿರಿಯಾಗಿರಬಹುದೆಂಬ ಕೊರಗು ನಂತರವೂ ಉಳಿಯುತ್ತದೆ, ಮತ್ತು ಅದೂ ಬಹುಮಟ್ಟಿಗೆ ತಪ್ಪು ಲೆಕ್ಕ. ಶ್ವಾನ್ ಝಾವೊ ಮತ್ತು ನಿಕೊಲಸ್ ಎಪ್ಲಿ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನೆರವು ಕೇಳಿದವರು ಎಣಿಸಿದ್ದಕ್ಕಿಂತ ನೆರವು ಕೊಟ್ಟವರಿಗೆ ಹೆಚ್ಚು ಸಂತೋಷವಾಗಿತ್ತು, ಕಿರಿಕಿರಿ ಕಡಿಮೆಯಿತ್ತು. ಅವಳಿಗೆ "ಈಗ ಆಗುವುದಿಲ್ಲಮ್ಮ" ಎಂಬ ಉತ್ತರವೇ ಬಂದರೂ ಆ ಬಾಗಿಲು ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ಒಮ್ಮೆ "ಇಲ್ಲ" ಎಂದವರು ಮುಂದಿನ ಕೋರಿಕೆಗೂ "ಇಲ್ಲ" ಎನ್ನುತ್ತಾರೆಂದು ಕೇಳುವವರು ಭಾವಿಸುತ್ತಾರೆ. ಡೇನಿಯಲ್ ನ್ಯೂಆರ್ಕ್, ಫ್ಲಿನ್ ಮತ್ತು ಬೋನ್ಸ್ 2014ರಲ್ಲಿ ಇದನ್ನು ಪರೀಕ್ಷಿಸಿದಾಗ, ಮೊದಲು ನಿರಾಕರಿಸಿದವರು ಎರಡನೆಯ ಬಾರಿ ಒಪ್ಪಿಕೊಂಡ ಪ್ರಮಾಣ ಕೇಳಿದವರ ಅಂದಾಜಿಗಿಂತ ಬಹಳ ಹೆಚ್ಚಾಗಿತ್ತು. ಮೊದಲ ಸಲದ "ಇಲ್ಲ" ಅವರಿಗೂ ಒಳಗೊಳಗೇ ಚುಚ್ಚುತ್ತಿತ್ತು.